ರಿಸ್ಪೆರಿಡೋನ್ ಆರಂಭಿಸಿದ ಮೇಲೆ ತಮ್ಮನ ತೂಕ ಏರುತ್ತಿದೆ

ಪ್ರಶ್ನೆ (ಸಿಂಧನೂರು): ಬೌದ್ಧಿಕ ಅಂಗವೈಕಲ್ಯವುಳ್ಳ ನನ್ನ ತಮ್ಮನಿಗೆ ಈಗ 28 ವರ್ಷ, ಮಾತು ಕಡಿಮೆ. ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದುದರಿಂದ ವೈದ್ಯರು ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ಬರೆದುಕೊಟ್ಟರು. ಆ ವರ್ತನೆ ಕಡಿಮೆಯಾಗಿದೆ. ಆದರೆ ಊಟವಾದ ಸ್ವಲ್ಪ ಹೊತ್ತಿಗೇ ರೊಟ್ಟಿಯ ಬುಟ್ಟಿಯ ಬಳಿ ಬಂದು ನಿಲ್ಲುತ್ತಾನೆ, ಪ್ಯಾಂಟಿನ ಗುಂಡಿ ಹಾಕಲು ಆಗುತ್ತಿಲ್ಲ. ಮಾತ್ರೆ ನಿಲ್ಲಿಸಬೇಕೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ (ಬಳ್ಳಾರಿ): ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ನಿದ್ರೆ ಕೆಡುವುದು, ಹಳೆಯ ವರ್ತನೆ ಮರಳುವುದು ಉಂಟು. ಮಿದುಳಿನಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಹಿಸ್ಟಮಿನ್ ಮತ್ತು ಸೆರೊಟೋನಿನ್ ಎಂಬ ರಾಸಾಯನಿಕಗಳ ಗ್ರಾಹಕಗಳನ್ನು (ರಿಸೆಪ್ಟರ್) ಇಂಥ ಔಷಧಗಳು ತಡೆಯುವುದರಿಂದ ಹೊಟ್ಟೆ ತುಂಬಿದರೂ ತೃಪ್ತಿಯಾಗುವುದಿಲ್ಲ, ಆದ್ದರಿಂದ ಅವನನ್ನು ಗದರಿಸಿ ಪ್ರಯೋಜನವಿಲ್ಲ. ಇದೇ ಗುಂಪಿನ ಒಲಾಂಜಪಿನ್, ಕ್ಲೋಜಪಿನ್‌ಗಳಲ್ಲಿ ತೂಕ ಅತಿ ಹೆಚ್ಚು ಏರುತ್ತದೆ, ರಿಸ್ಪೆರಿಡೋನ್‌ನಲ್ಲಿ ಮಧ್ಯಮ, ಅರಿಪಿಪ್ರಜೋಲ್‌ನಲ್ಲಿ ಸಾಮಾನ್ಯವಾಗಿ ಕಡಿಮೆ. ಪ್ರಮಾಣ ಇಳಿಸಬಹುದೇ, ಔಷಧ ಬದಲಿಸಬಹುದೇ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಸೇರಿಸಬಹುದೇ ಎಂದು ವೈದ್ಯರನ್ನೇ ಕೇಳಿ. ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ.

ಉತ್ತರ (ಗಂಗಾವತಿ): ನಮ್ಮ ಮಗನ ವಿಷಯದಲ್ಲಿ ಮಾತ್ರೆಯಷ್ಟೇ ಕಾರಣವಾಗಿರಲಿಲ್ಲ; ಸುಮ್ಮನಿರಲೆಂದು ಬಂದವರೆಲ್ಲ ಮಿರ್ಚಿ, ಬಿಸ್ಕತ್ತು ಕೊಡುತ್ತಿದ್ದರು. ಈಗ ಬಿಸಿಲೇರುವ ಮೊದಲೇ ನಡೆದಾಡಿಸುತ್ತೇವೆ, ಏಕೆಂದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಆಮೇಲೆ ಸಾಧ್ಯವೇ ಇಲ್ಲ. ಸಕ್ಕರೆ ಕಾಯಿಲೆಯ ಲಕ್ಷಣಗಳಾದ ಬಾಯಾರಿಕೆ, ಪದೇ ಪದೇ ಮೂತ್ರ ಹೋಗುವುದನ್ನು ಇಂಥವರು ಹೇಳಲಾರರು, ನಾವೇ ಗಮನಿಸಬೇಕು.

ಉತ್ತರ (ರಾಯಚೂರು): ತಲೆ ಬಡಿದುಕೊಳ್ಳುತ್ತಿದ್ದುದೇಕೆ ಎಂದು ಯಾರಾದರೂ ನೋಡಿದ್ದಾರೆಯೇ? ಹಲ್ಲುನೋವು, ಕಿವಿಸೋರುವಿಕೆ, ಮಲಬದ್ಧತೆ ಇದ್ದರೂ ಮಾತು ಬಾರದವರು ಹೀಗೆಯೇ ವರ್ತಿಸುತ್ತಾರೆ. ಕಾರಣ ಸಿಕ್ಕರೆ ಔಷಧವನ್ನು ವೈದ್ಯರು ಹಂತಹಂತವಾಗಿ ಇಳಿಸಬಹುದು. ಇಂಗ್ಲೆಂಡಿನಲ್ಲಿ ಇಂಥವರಿಗೆ ಅನಗತ್ಯವಾಗಿ ಮನೋರೋಗದ ಮಾತ್ರೆ ಕೊಡುವುದನ್ನು ತಗ್ಗಿಸಲು 2016ರಲ್ಲಿ ‘ಸ್ಟಾಂಪ್’ (STOMP) ಎಂಬ ಕಾರ್ಯಕ್ರಮವನ್ನೇ ಆರಂಭಿಸಿದರು. ಮೊದಲು ದಂತವೈದ್ಯರಿಗೆ ತೋರಿಸಿ.