ಡೇಟಾ ರಿಕವರಿ: ಚೇತರಿಕೆಯೋ, ಹಿಂಪಡೆಯುವುದೋ, ದಕ್ಕಿಸಿಕೊಳ್ಳುವುದೋ?

ಗೆಳೆಯರೇ, ನಮಸ್ಕಾರ.

ಡೊಂಬಿವಲಿಯಲ್ಲಿ ನಮ್ಮ ಸಂಘದ ಕಂಪ್ಯೂಟರು ಹೋದ ತಿಂಗಳು ಕೆಟ್ಟು ಕೂತಿತು. ಕರೆಂಟು ಹೋಗಿ ಬಂತು, ಆಮೇಲೆ ವಿಂಡೋಸ್ ಏಳಲೇ ಇಲ್ಲ. ವಾರ್ಷಿಕ ಸಂಚಿಕೆಯ ಅಷ್ಟೂ ಬರಹ ಅದರೊಳಗೆ. ಡಿಸ್ಕ್ ಬಿಚ್ಚಿಸಿಕೊಂಡು ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಒಂದು ರಿಪೇರಿ ಅಂಗಡಿಗೆ ಓಡಿದೆ. ಪುಣ್ಯಕ್ಕೆ ಬಹಳಷ್ಟು ಸಿಕ್ಕಿತು. ಈಗ ಅದೇ ಸಂಚಿಕೆಗೆ ಇದರ ಬಗ್ಗೆ ಒಂದು ಪುಟ ಬರೆಯಲು ಕೂತು ಮೊದಲ ಸಾಲಿಗೇ ಸಿಕ್ಕಿಬಿದ್ದಿದ್ದೇನೆ. 'ಡೇಟಾ ರಿಕವರಿ'ಗೆ ಏನನ್ನೋಣ?

'ಚೇತರಿಕೆ' ಅಂತ ಬರೆದೆ, ಸರಿಹೋಗಲಿಲ್ಲ. ಜ್ವರ ಬಿಟ್ಟವರು ಚೇತರಿಸಿಕೊಳ್ಳುತ್ತಾರೆ. ವಿಂಡೋಸ್ ಮತ್ತೆ ಎದ್ದರೆ ಸಿಸ್ಟಮ್ ಚೇತರಿಸಿಕೊಂಡಿತು ಅನ್ನಬಹುದು. ಆದರೆ ನಮ್ಮ ಡಿಸ್ಕ್ ಚೇತರಿಸಿಕೊಳ್ಳಲಿಲ್ಲ, ಅದೀಗ ಗುಜರಿ. ಬರಹಗಳು ಮಾತ್ರ ಕೈಗೆ ಬಂದವು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ನಮಗೆ ಎರಡು ಬೇಕು ಅಲ್ವಾ?

ಸಂಪಾದಕರು 'ಹಿಂಪಡೆ' ಅಂದರು. ನಾಮಪತ್ರ ಹಿಂಪಡೆದರು, ದೂರು ಹಿಂಪಡೆದರು ಅಂತ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅಲ್ಲೆಲ್ಲ ಕೊಟ್ಟವರೇ ಮನಸ್ಸು ಬದಲಿಸಿರುತ್ತಾರೆ. ನಾನು ಡೇಟಾವನ್ನು ಯಾರಿಗೂ ಕೊಟ್ಟಿರಲಿಲ್ಲ. 'ವಸೂಲಿ' ಅಂದರೆ ಸಾಲ (ಅಂಗಡಿಯ ಬಿಲ್ ನೋಡಿದರೆ ವಸೂಲಿ ಆದದ್ದು ಅವರಿಗೇ). 'ಮರುಪ್ರಾಪ್ತಿ' ಸರ್ಕಾರಿ ಸುತ್ತೋಲೆಯ ಹಾಗಿದೆ, ಬಿಟ್ಟೆ.

ಅಂಗಡಿಯಲ್ಲಿ ರಿಕವರಿ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಹುಡುಗ ಬಾಯಲ್ಲಿ ಅಂದದ್ದು 'ಡೇಟಾ ನಿಕಾಲ್ ದೇಂಗೆ'. ತೆಗೆದುಕೊಡ್ತೀವಿ, ಅಷ್ಟೇ. ಪಕ್ಕದ ಮನೆಯ ಮರಾಠಿಯವರು 'ಡೇಟಾ ಉಡಾಲಾ' ಅನ್ನುತ್ತಾರೆ. ಕೇಳಿ ಕೇಳಿ ನಮ್ಮ ಮನೆಯಲ್ಲೂ ಡೇಟಾ 'ಹಾರಿಹೋಗುತ್ತದೆ'. ನಿಜಕ್ಕೂ ಹಾರಿರುವುದಿಲ್ಲ. ಹಾರ್ಡ್‌ಡಿಸ್ಕಿನಲ್ಲಿ ಫೈಲ್ ಅಳಿಸಿದರೆ ಸಾಮಾನ್ಯವಾಗಿ ಹೋಗುವುದು ಅದರ ವಿಳಾಸ. ಆ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಒಳಗಿನದು ಅಲ್ಲೇ ಬಿದ್ದಿರುತ್ತದೆ. ಅದಕ್ಕೇ ಹುಡುಗ ಮೊದಲು ಕೇಳಿದ್ದು, ಕೆಟ್ಟ ಮೇಲೆ ಇದಕ್ಕೆ ಏನಾದರೂ ಕಾಪಿ ಮಾಡಿದಿರಾ ಅಂತ. ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಬರೆದಿಡುವ ಹೊಸ ಬಗೆಯ ಡಿಸ್ಕ್) ಆದರೆ ಕತೆ ಬೇರೆ, ಟ್ರಿಮ್ ಅನ್ನುವ ವ್ಯವಸ್ಥೆಯೊಂದು ಅಳಿಸಿದ್ದನ್ನು ಸಾಮಾನ್ಯವಾಗಿ ಗುಡಿಸಿ ಹಾಕಿಬಿಡುತ್ತದೆ. ಹಾಗಾಗಿ 'ಹೆಕ್ಕಿ ತೆಗೆ' ಕೆಲಸಕ್ಕೆ ಹತ್ತಿರ ಅನಿಸಿತು.

ಹೆಕ್ಕಿ ತಂದದ್ದಾದರೂ ಹೇಗಿತ್ತು! ಫೈಲಿನ ಹೆಸರುಗಳೆಲ್ಲ ಹೋಗಿ ಬರೀ ನಂಬರು. ತೆರೆದರೆ ತಲೆಗೆ ಕೊಂಬು, ಕೆಳಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ. ಹುಡುಗ 'ಕರಪ್ಟ್' ಅಂದುಬಿಟ್ಟ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ, 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ಬರಹ ಅದು, ಅವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಮನೆಗೆ ತಂದು ಫಾಂಟ್ ಹಾಕಿದೆ. ಕೊಂಬು ಬಾಲ ಮಾಯವಾಗಿ 'ಪತ್ರೊಡೆ ಮಾಡುವ ವಿಧಾನ' ಅಂತ ಮೂಡಿತು. ಹಿಂದೆ ನಿಂತಿದ್ದ ಅಮ್ಮ ಕೇಳಿದರು, "ಅಂತೂ ಎಷ್ಟು ದಕ್ಕಿತು?"

ದಕ್ಕು! ಕೈತಪ್ಪಲಿದ್ದದ್ದು ನಮ್ಮದಾಗಿ ಉಳಿಯುವುದು. 'ಆಸ್ತಿ ದಕ್ಕಲಿಲ್ಲ' ಅಂತೀವಲ್ಲ, ಅದೇ. ಡೇಟಾ ದಕ್ಕಿತು ಅಂದರೆ ಯಾರಿಗೂ ವಿವರಿಸಬೇಕಿಲ್ಲ. ತೊಡಕು ಇರುವುದು 'ದಕ್ಕಿಸಿಕೊಳ್ಳು'ವಿನಲ್ಲಿ. ನನ್ನ ಕಿವಿಗೆ ಅದರಲ್ಲಿ ಬೇರೆಯವರ ದುಡ್ಡು ನುಂಗಿ ಸುಮ್ನೆ ಕೂತವನ ವಾಸನೆ ಸ್ವಲ್ಪ ಇದೆ. ನಿಮ್ಮ ಕಡೆಯೂ ಹಾಗೇನಾ? ಹುಬ್ಬಳ್ಳಿ, ಕಲಬುರಗಿಯವರು ದಯವಿಟ್ಟು ಹೇಳಿ. ಇನ್ನೊಂದು, 'ದಕ್ಕಿಸಿಕೊಡು' ಅಂದರೆ ಆ ವಾಸನೆ ಹೋಗುತ್ತದಾ? ಪುಟ ಭಾನುವಾರ ಅಚ್ಚಿಗೆ ಹೋಗಬೇಕು.