ಸಹಾಯ ಬೇಕು: ಮ್ಯಾಪ್‌ನಲ್ಲಿ ಹೊಲದ ವಿಸ್ತೀರ್ಣ ಜಾಸ್ತಿ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಜಿಐಎಸ್‌ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ ಅಳೆಯುವ ತಂತ್ರ) ನನಗೆ ಹೊಸದು. ಆಳಂದ ಕಡೆಯ ತೊಗರಿ ರೈತರಿಗಾಗಿ ಒಂದು ಆಪ್ ಬರೆಯುತ್ತಿದ್ದೇನೆ. ಬದುವಿನ ಮೇಲೆ ಒಂದು ಸುತ್ತು ನಡೆದರೆ ಮೊಬೈಲ್ ಎಕರೆ-ಗುಂಟೆ ಲೆಕ್ಕ ಕೊಡಬೇಕು.

ಮೊದಲ ದಿನ ಹೊಲ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ಹತ್ತಿರ ಕಾಣಿಸಿತು. ಜಿಯೋಜೇಸನ್‌ನಲ್ಲಿ (ನಕ್ಷೆಯ ಬಿಂದುಗಳನ್ನು ಬರೆದಿಡುವ ಫೈಲ್ ಮಾದರಿ) ರೇಖಾಂಶ ಮೊದಲು, ಆಮೇಲೆ ಅಕ್ಷಾಂಶ. ನಾನು ಅಕ್ಷಾಂಶ ಮೊದಲಿಟ್ಟು 17.5, 76.5 ಎಂದು ಹಾಕಿದ್ದೆ. ಅದಲು ಬದಲು ಮಾಡಿದ ಮೇಲೆ ಅದು ಸರಿಯಾಯಿತು.

ಈಗಿನ ತೊಂದರೆ ಬೇರೆ. ಪಹಣಿಯಲ್ಲಿ 2 ಎಕರೆ ಇರುವ ಹೊಲಕ್ಕೆ ಆಪ್ 2 ಎಕರೆ 8 ಗುಂಟೆ ತೋರಿಸುತ್ತದೆ. ನನಗೆ ತಿಳಿದಂತೆ ಕಾರಣ ವೆಬ್ ಮರ್ಕೇಟರ್, ಅಂದರೆ ದುಂಡು ಭೂಮಿಯನ್ನು ಆನ್‌ಲೈನ್ ಮ್ಯಾಪ್‌ಗಾಗಿ ಚಪ್ಪಟೆ ಮಾಡುವ ವಿಧಾನ (ಕೋಡ್ 3857). ಸಮಭಾಜಕದಿಂದ ದೂರ ಹೋದಷ್ಟೂ ಅದು ನೆಲವನ್ನು ಹಿಗ್ಗಿಸುತ್ತದೆ. ನಮ್ಮ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು 10% ಜಾಸ್ತಿ ಬರುತ್ತದೆ. ನೋಡಲು ಚೆಂದ, ಅಳತೆಗೆ ಬೇಡ, ಅಲ್ವಾ? ರೈತರು ಬೀಜ, ಗೊಬ್ಬರದ ಲೆಕ್ಕ ಇದರ ಮೇಲೆಯೇ ಹಾಕುತ್ತಾರೆ. 8 ಗುಂಟೆ ತಪ್ಪಿದರೆ ಅವರ ದುಡ್ಡು ಸುಮ್ನೆ ಹೋಗುತ್ತದೆ.

ಗಡಿಯನ್ನು 4326ರಲ್ಲಿ (ಬರೀ ಅಕ್ಷಾಂಶ-ರೇಖಾಂಶ) ಉಳಿಸಿ, ಅಳೆಯುವಾಗ ಮಾತ್ರ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) ವಲಯ 43 ಉತ್ತರಕ್ಕೆ, ಅಂದರೆ ಕೋಡ್ 32643ಕ್ಕೆ, ಬದಲಾಯಿಸಿದರೆ ಸಾಕೇ? ಆ ವಲಯ ಪೂರ್ವ ರೇಖಾಂಶ 72ರಿಂದ 78 ಡಿಗ್ರಿವರೆಗೆ ಇದೆ. ಬೀದರ್, ಯಾದಗಿರಿಯೂ ಅದರಲ್ಲೇ ಬರುತ್ತವೆ. ಅಥವಾ ಪೋಸ್ಟ್‌ಜಿಐಎಸ್‌ನ (ನಕ್ಷೆಯ ಡೇಟಾಬೇಸ್) ಜಿಯಾಗ್ರಫಿ ಟೈಪ್, ಅಂದರೆ ದುಂಡು ಭೂಮಿಯ ಮೇಲೆಯೇ ಅಳೆಯುವ ಬಗೆ, ಬಳಸುವುದು ಒಳ್ಳೆಯದೇ?

ಇನ್ನೊಂದು. ಸ್ಕ್ಯಾನ್ ಮಾಡಿದ ಹಳೆಯ ಗ್ರಾಮ ನಕ್ಷೆಯನ್ನು ಕ್ಯೂಜಿಐಎಸ್‌ನಲ್ಲಿ (ನಕ್ಷೆಯ ಸಾಫ್ಟ್‌ವೇರ್) ಈಗಿನ ಮ್ಯಾಪ್ ಮೇಲೆ ಕೂರಿಸಿದರೆ ನಡುವೆ ಸರಿ ಇರುತ್ತದೆ, ಅಂಚಿನಲ್ಲಿ ಪಕ್ಕಕ್ಕೆ ಜರುಗುತ್ತದೆ. ಎರಡನ್ನೂ ಜೋಡಿಸುವ ಗುರುತಿನ ಬಿಂದುಗಳನ್ನು ಎಲ್ಲಿ ಇಡುತ್ತೀರಿ? ಕಲಬುರಗಿಯಲ್ಲೇ ಇರುವವರು ಒಂದು ಭಾನುವಾರ ಜೊತೆಗೆ ಕೂತು ತೋರಿಸಿದರೆ ಲ್ಯಾಪ್‌ಟಾಪ್ ತೆಗೆದುಕೊಂಡು ನಾನೇ ಬರುತ್ತೇನೆ.