ಪದಚರ್ಚೆ: ‘ಭೌಗೋಳಿಕ ಸೂಚ್ಯಂಕ’ ಸರಿಯೇ? ಫಲಕಕ್ಕೆ ನಾಳೆ ಬೆಳಿಗ್ಗೆ ಬೇಕು

ಕಟಪಾಡಿಯಿಂದ:

ಎಲ್ಲರಿಗೂ ನಮಸ್ಕಾರ. ಮಟ್ಟುಗುಳ್ಳ, ಅಂದರೆ ಮಟ್ಟು ಊರಿನ ಬದನೆ, ಬೆಳೆಯುವ ನನ್ನ ಭಾವನವರು ರಸ್ತೆ ಬದಿಯಲ್ಲಿ ಸಣ್ಣ ಅಂಗಡಿ ಹಾಕುತ್ತಿದ್ದಾರೆ. ಫಲಕಕ್ಕೆ ‘ಭೌಗೋಳಿಕ ಸೂಚ್ಯಂಕ ಪಡೆದ ಮಟ್ಟುಗುಳ್ಳ’ ಎಂದೂ ಅದರ ಕೆಳಗೆ ‘ಮಟ್ಟು ರೈತರ ಬೌದ್ಧಿಕ ಆಸ್ತಿ’ ಎಂದೂ ಬರೆದುಕೊಟ್ಟಿದ್ದೇನೆ. ಪತ್ರಿಕೆಗಳಲ್ಲಿಯೂ ಸೂಚ್ಯಂಕ ಎಂದೇ ಓದಿದ ನೆನಪು. ಫಲಕ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ದಯವಿಟ್ಟು ಬೇಗ ತಿಳಿಸಿ.

ಉಡುಪಿಯಿಂದ:

ಎರಡೂ ತಪ್ಪು.

ಸೂಚ್ಯಂಕದಲ್ಲಿ ಅಂಕವಿದೆ. ಬೆಲೆ ಸೂಚ್ಯಂಕ ಏರುತ್ತದೆ, ಇಳಿಯುತ್ತದೆ. ಗುಳ್ಳಕ್ಕೆ ಯಾರು ಅಂಕ ಕೊಟ್ಟರು? ಇಂಥ ಹೆಸರುಗಳನ್ನು ನೋಂದಾಯಿಸಿ ರಕ್ಷಿಸುವ 1999ರ ಕಾಯ್ದೆ ಹೇಳುವುದು ಗುರುತಿನ ಮಾತು: ಸರಕಿನ ಗುಣಕ್ಕೂ ಅದು ಹುಟ್ಟಿದ ನೆಲಕ್ಕೂ ಇರುವ ನಂಟನ್ನು ಹೆಸರೇ ತೋರಿಸಿಕೊಡಬೇಕು. ಪತ್ರಿಕೆಯಲ್ಲಿ ಬಂತು ಎಂಬುದು ಆಧಾರವಾಗುವುದಿಲ್ಲ.

ಹೋದ ವರ್ಷ ಸಂತೆಯಲ್ಲಿ ಬೆಳೆಗಾರರೊಬ್ಬರು, ತೊಟ್ಟಿನ ಮುಳ್ಳು ಬೆರಳಿಗೆ ತಾಗದಂತೆ ಗುಳ್ಳವನ್ನು ತಕ್ಕಡಿಗಿಡುತ್ತಾ, ‘2011ರಲ್ಲಿ ನಮ್ಮ ಗುಳ್ಳಕ್ಕೆ ಸರಕಾರದ ಬಹುಮಾನ ಬಂದಿದೆ’ ಎಂದರು. ನನಗೆ ಸಂಕಟವಾಯಿತು. ಆ ವರ್ಷ ಆದದ್ದು ಈ ಕಾಯ್ದೆಯಡಿ ಹೆಸರಿನ ನೋಂದಣಿ. ಅದು ಬಹುಮಾನವಲ್ಲ, ಹಕ್ಕು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಹಕ್ಕು. ಬೆಳೆಗಾರ ಚೆನ್ನೈಯ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರನೆಂದು ತನ್ನ ಹೆಸರನ್ನೂ ಸೇರಿಸಿಕೊಳ್ಳಬೇಕು. ಬಹುಮಾನವೆಂದು ತಿಳಿದವರು ಅದನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗುತ್ತಾರೆ.

ಇನ್ನು ಆಸ್ತಿ. ಮಾರಬಹುದಾದದ್ದನ್ನು, ಅಡವಿಡಬಹುದಾದದ್ದನ್ನು ಜನ ಆಸ್ತಿ ಎನ್ನುತ್ತಾರೆ. ಅದೇ ಕಾಯ್ದೆಯ 24ನೆಯ ಸೆಕ್ಷನ್ ಓದಿ: ಈ ಹಕ್ಕನ್ನು ಪರಭಾರೆ ಮಾಡುವಂತಿಲ್ಲ, ಅಡವಿಡುವಂತಿಲ್ಲ, ಇನ್ನೊಬ್ಬರಿಗೆ ಪರವಾನಗಿ ಕೊಡುವಂತಿಲ್ಲ. ಬಳಕೆದಾರ ತೀರಿಕೊಂಡರೆ ವಾರಸುದಾರರಿಗೆ ಹೋಗುತ್ತದೆ, ಅಷ್ಟೇ. ತುಳುನಾಡಿನವರಿಗೆ ಇದು ಹೊಸದೇನಲ್ಲ. 1949ರ ಅಳಿಯಸಂತಾನ ಕಾಯ್ದೆ ಬರುವ ತನಕ, ತಾಯಿಯ ಕಡೆಯಿಂದ ವಾರಸು ನಡೆಯುವ ಅಳಿಯಸಂತಾನ ಕುಟುಂಬದ ಸೊತ್ತು ಯಾರೋ ಒಬ್ಬರು ಪಾಲು ಕೇಳಿದರೆಂದು ಒಡೆಯುತ್ತಿರಲಿಲ್ಲ. ಹಾಗಾಗಿ ಪೇಟೆಂಟಿಗೂ ಕೃತಿಸ್ವಾಮ್ಯಕ್ಕೂ ಗುಳ್ಳಕ್ಕೂ ಒಂದೇ ‘ಬೌದ್ಧಿಕ ಆಸ್ತಿ’ಯ ಹಣೆಪಟ್ಟಿ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ವರ್ಷ ವರ್ಷವೂ ಬೀಜ ಆರಿಸಿ ಒಣಗಿಸಿ ಉಳಿಸಿಕೊಂಡು ಬಂದದ್ದು ಒಂದು ಊರು.

‘ಊರುಗುರುತು’ ಎಂದು ಬರೆಸಿ.

ಮಂಗಳೂರಿನಿಂದ:

ಊರುಗುರುತು ಯಾರಿಗೂ ಅರ್ಥವಾಗದು. ಹಚ್ಚೆಯ ಅಂಗಡಿ ಎಂದುಕೊಂಡಾರು. ಜಿಐ (ಜಿಯಾಗ್ರಫಿಕಲ್ ಇಂಡಿಕೇಶನ್) ಎಂದರೆ ಈಗ ಎಲ್ಲರಿಗೂ ಗೊತ್ತು. ಬಸ್ಸು, ಬ್ಯಾಂಕು ಕನ್ನಡವಾಗಿಲ್ಲವೇ? ಎರವಲಿಗೆ ಹೆದರುವ ಭಾಷೆ ಬೆಳೆಯುವುದಿಲ್ಲ. ಫಲಕ ಗಿರಾಕಿಗೆ, ನಿಘಂಟಿಗಲ್ಲ.

ಉಡುಪಿಯಿಂದ:

ಎರವಲಿಗೆ ನನ್ನ ವಿರೋಧವಿಲ್ಲ. ಪೇಟೆಂಟ್ ಎಂದು ನಾನೇ ಮೇಲೆ ಬರೆದಿದ್ದೇನೆ. ಬಸ್ಸು ಕಣ್ಣೆದುರು ಓಡುತ್ತದೆ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಿಐ ಎರಡೇ ಅಕ್ಷರ. ಅದರೊಳಗೆ ತನಗೇನಿದೆ ಎಂದು ಬೆಳೆಗಾರ ಯಾರನ್ನು ಕೇಳಬೇಕು?

ಮಂಗಳೂರಿನಿಂದ ಬರೆದವರು ತಮ್ಮ ತಲೆಯ ಮೇಲಿನ ಮಾಡನ್ನೊಮ್ಮೆ ನೋಡಲಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಹಂಚಿನ ಕಾರ್ಖಾನೆ ತೆರೆಯಿತು. ಕಾಲಕ್ರಮದಲ್ಲಿ ‘ಮಂಗಳೂರು ಹಂಚು’ ಊರನ್ನು ಬಿಟ್ಟು ಮಾದರಿಯ ಹೆಸರಾಯಿತು. ಕೇರಳದ ಫರೋಕಿನಲ್ಲಿ ಸುಟ್ಟದ್ದೂ ಮಂಗಳೂರು ಹಂಚೇ. ಅಂಕಿತನಾಮ ರೂಢನಾಮವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರೂಢನಾಮವಾದ ಹೆಸರನ್ನು ಈ ಕಾಯ್ದೆ ನೋಂದಾಯಿಸುವುದೂ ಇಲ್ಲ. ಉಡುಪಿ ಹೋಟೆಲಿನ ಕಥೆ ಬೇರೆ. ಆ ಹೆಸರಿಗೆ ಬೇಲಿ ಇಲ್ಲದ್ದರಿಂದಲೇ ನಮ್ಮೂರಿನ ಎಷ್ಟೋ ಮಂದಿ ಪರಊರಿನಲ್ಲಿ ಅನ್ನ ಕಂಡರು. ಎಲ್ಲ ಹೆಸರಿಗೂ ಬೇಲಿ ಬೇಕೆಂದು ನಾನು ಹೇಳುತ್ತಿಲ್ಲ. ಬೇಲಿ ಹಾಕಿದ ಮೇಲೆ, ಒಳಗಿರುವವರಿಗಾದರೂ ಅದು ತಿಳಿಯುವ ಮಾತಿನಲ್ಲಿರಲಿ.

ಕಟಪಾಡಿಯಿಂದ:

ಫಲಕದವರು ಬಂದುಹೋದರು. ‘ಮಟ್ಟುಗುಳ್ಳ. ಜಿಐ ನೋಂದಣಿಯಾದ ನಮ್ಮ ಊರುಗುರುತು’ ಎಂದು ಬರೆಸಿದೆ. ಇಬ್ಬರಿಗೂ ಪೂರ್ತಿ ಸಮಾಧಾನವಾಗದು ಎಂದು ಬಲ್ಲೆ. ಆಸ್ತಿಯ ಸಾಲನ್ನು ಕೈಬಿಟ್ಟೆ. ಬಳಕೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಭಾವನವರನ್ನು ಕೇಳಿದೆ. ಅಂಥದೊಂದು ಪಟ್ಟಿ ಇರುವುದೇ ಅವರಿಗೆ ಗೊತ್ತಿರಲಿಲ್ಲ. ಅರ್ಜಿ ನಮೂನೆ ಕನ್ನಡದಲ್ಲಿ ಯಾರ ಬಳಿಯಾದರೂ ಇದ್ದರೆ ಕಳುಹಿಸಿ.